ಅಳಿಯಂದಿರು ಬಿಚ್ಚಿದ ಗಾಲಿ

ಮೋಟಾರ್ ಸೈಕಲ್ಲಿನ ಗಾಲಿ ಬಿಚ್ಚುವುದು ಬಹಳ ಸುಲಭದ ಕೆಲಸ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಆರಂಭದ ಮಾತು. ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ನನ್ನ ನೌಕರಿ. ಪಕ್ಕದಲ್ಲೇ ಒಂದು ಗ್ಯಾರೇಜು. ಗಿರಾಕಿಗಳಿಲ್ಲದಾಗ ಅಲ್ಲಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ, ಅವರು ಗಾಡಿ ಬಿಚ್ಚಿ ಜೋಡಿಸುವುದನ್ನು ನೋಡುತ್ತಿದ್ದೆ. ಹೀಗೆ ನೋಡಿ ನೋಡಿ, ಪಾನಾ ಕೈಯಲ್ಲಿ ಹಿಡಿಯದೆಯೇ ನಾನೊಬ್ಬ ಮೆಕ್ಯಾನಿಕ್ ಆಗಿದ್ದೇನೆಂಬ ದೃಢವಾದ ನಂಬಿಕೆ ನನ್ನಲ್ಲಿ ಬೆಳೆದುಬಿಟ್ಟಿತ್ತು.

ಮದುವೆಯಾದ ವರ್ಷ ಮೊದಲ ಯುಗಾದಿಗೆ ಹೆಂಡತಿ ಗೌರಿಯ ತವರು ಪಾಮನಕಲ್ಲೂರಿಗೆ ಹೋದೆವು. ಹೊಸ ಅಳಿಯನ ವೈಭವವನ್ನು ಏನೆಂದು ಬಣ್ಣಿಸಲಿ! ಆ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತೇನೋ ಎಂದು ನಾನು ಬಾಯಿತಪ್ಪಿ ಅಂದದ್ದಕ್ಕೆ ಮನೆಮಂದಿಯೆಲ್ಲ ಉಪ್ಪು ಬಡಿಸಿಕೊಂಡು ಉಂಡರು. ಮುಂದಿನ ಅನಾಹುತಕ್ಕೆ ಈ ಮರ್ಯಾದೆಯೇ ಮೂಲ.

ಮಾವನವರ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ಲಿತ್ತು. ಹಬ್ಬದ ಮರುದಿನ ಬೆಳಿಗ್ಗೆ ಅದರ ಮೇಲೆ ಮಾವನ ಹಿಂದೆ ಕೂತು ನನ್ನ ನಾದಿನಿ ಶಾಂತಾ ಲಿಂಗಸುಗೂರಿಗೆ ಪಿಯುಸಿ ಪರೀಕ್ಷೆಗೆ ಹೋಗಬೇಕಿತ್ತು. ಹಿಂದಿನ ಸಲ ಜ್ವರ ಬಂದು ಪರೀಕ್ಷೆ ತಪ್ಪಿತ್ತು. "ಈ ಸಲಾನೂ ತಪ್ಪಿತಂದ್ರ ಓದಿದ್ದು ಸಾಕು, ಗಂಡು ನೋಡ್ತೀನಿ" ಎಂದು ಮಾವ ಹೇಳಿಬಿಟ್ಟಿದ್ದರು. ಆ ಹುಡುಗಿ ಹಬ್ಬದ ದಿನವೂ ಪುಸ್ತಕ ಕೆಳಗಿಟ್ಟಿರಲಿಲ್ಲ.

ಹೋಳಿಗೆ ಊಟ ಮುಗಿಸಿ ಅಂಗಳಕ್ಕೆ ಬಂದವನು ಸುಮ್ಮನೆ ಗಾಡಿಯ ಮುಂದಿನ ಗಾಲಿ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಎಂದಿತು.

"ಮಾವಾರ, ಬೇರಿಂಗ್ ಆಟ ಜಾಸ್ತಿ ಆಗೈತಿ."

"ಹೌದ್ರಿ. ನಾಡದು ಸಿಂಧನೂರಿಗೆ ಒಯ್ಯಬೇಕಂತ ಮಾಡೀನಿ. ನಾಳಿ ಒಂದಿನ ನಡೀತೈತಿ."

"ನಾ ಇಲ್ಲೇ ಇರಬೇಕಾದ್ರ ಸಿಂಧನೂರು ಯಾಕ್ರಿ?"

ಮಾವ ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು, ಓದುತ್ತ ಕೂತ ಮಗಳನ್ನು ನೋಡಿದರು. "ಆತು ಬಿಡ್ರಿ... ಅಳಿಯಂದ್ರು ಅಂದ ಮ್ಯಾಲೆ..." ಎಂದರು.

ಗೌರಿ ನನ್ನನ್ನು ಮೂಲೆಗೆ ಕರೆದು, "ರೀ, ನಿಮಗ ಇದೆಲ್ಲ ಬರ್ತೈತೇನು? ಮೊನ್ನೆ ಗಡಿಯಾರಕ್ಕ ಸೆಲ್ ಉಲ್ಟಾ ಹಾಕಿದ್ರಿ" ಎಂದಳು.

"ಗಡಿಯಾರದಾಗ ಬೇರಿಂಗ್ ಇರಂಗಿಲ್ಲ" ಎಂದು ತಾಂತ್ರಿಕ ಉತ್ತರ ಕೊಟ್ಟೆ.

ಗಾಲಿ ಬಿಚ್ಚಿದೆ. ಆಚೆಗೊಂದು ಈಚೆಗೊಂದು ಬೇರಿಂಗ್, ನಡುವೆ ಒಂದು ಕೊಳವೆ, ಅದರ ತುದಿಗೆ ದಪ್ಪ, ತೆಳು ಎಂದು ಕೆಲವು ವಾಷರುಗಳು. ಎಲ್ಲ ಮಹಿಮೆ ಆ ವಾಷರುಗಳದ್ದೇ. ಹೆಚ್ಚಾದರೆ ಗಾಲಿ ಅಲ್ಲಾಡುತ್ತದೆ, ಕಡಿಮೆಯಾದರೆ ಬಿಗಿದುಕೊಳ್ಳುತ್ತದೆ. ಕೂದಲೆಳೆಯಷ್ಟು ಆಟ ಉಳಿಯಬೇಕು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಅತ್ತೆಯ ಮೊರದಲ್ಲಿ ಹರವಿ, ಗ್ರೀಸು ಮೆತ್ತಿ, ತೆಳುವಾದ ಒಂದೇ ಒಂದು ವಾಷರನ್ನು ಲೆಕ್ಕ ಹಾಕಿ ಬದಿಗಿಟ್ಟು, ಉಳಿದದ್ದನ್ನು ಜೋಡಿಸಿ ನಟ್ಟು ಬಿಗಿದೆ.

ಗಾಲಿ ತಿರುಗಲಿಲ್ಲ!

ನಟ್ಟು ಸಡಿಲಿಸಿದೆ. ತಿರುಗಿತು, ಜೊತೆಗೆ ಗಡಗಡ ನಡುಗಿತು. ಬಿಗಿದರೆ ಕಲ್ಲು, ಬಿಟ್ಟರೆ ಕುಣಿತ. ಬದಿಗಿಟ್ಟ ತೆಳು ವಾಷರನ್ನೂ ಒಳಗೆ ಸೇರಿಸಿದೆ. ಆದರೂ ಕಲ್ಲು! ಬೆವರು ಕಣ್ಣಿಗಿಳಿಯತೊಡಗಿತು.

"ಎಲ್ಲಾ ಹಾಕೀರಿಲ್ಲ?" ಗೌರಿ ಕೇಳಿದಳು.

"ಮೊರದಾಗ ಏನರ ಉಳಿದೈತೇನು?" ಎಂದು ಖಾಲಿ ಮೊರವನ್ನು ಸಾಕ್ಷಿಗೆ ಎತ್ತಿ ತೋರಿಸಿದೆ.

ಮಾವ ಕಂಬಕ್ಕೆ ಒರಗಿ ನಿಂತಿದ್ದರು. ಮತ್ತೆ ಮತ್ತೆ ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದರು. ಎದೆನೋವೇನೋ ಎಂದು ನನಗೆ ಗಾಬರಿ.

"ಅಳಿಯಂದ್ರ..." ಎಂದರು.

"ಏನ್ರಿ?"

"ಏನಿಲ್ರಿ. ಚಾ ಕುಡೀತೀರೇನು?"

ಚಹಾ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ "ಅಳಿಯಂದ್ರ..." ಮತ್ತೆ ಚಹಾ. ಹೊತ್ತು ಮುಳುಗುವವರೆಗೆ ಅವರು ಹೇಳಬೇಕೆಂದದ್ದು ಏನೆಂದು ತಿಳಿಯಲಿಲ್ಲ. ನನ್ನ ಹೊಟ್ಟೆ ಮಾತ್ರ ಚಹಾದಿಂದ ತುಂಬಿತು. ಕೊನೆಗೆ ನನ್ನ ಬುದ್ಧಿ ಹೊಳೆಯಿತು. ಗೌರಿಯ ಖಾಲಿ ಪೌಡರ್ ಡಬ್ಬಿಯ ತಗಡು ಕತ್ತರಿಸಿ ಒಂದು ಹೊಸ ವಾಷರ್ ನಿರ್ಮಿಸಿದೆ. ಅದನ್ನು ಸೇರಿಸಿ ಬಿಗಿದರೆ, ಆಹಾ! ಗಾಲಿ ರಾಟೆಯಂತೆ ತಿರುಗಿತು. ಅತ್ತೆ ಬಾಗಿಲ ಮರೆಯಿಂದಲೇ ದೇವರಿಗೆ ಕೈಮುಗಿದರು.

ಮರುದಿನ ಶಾಂತಾ ಎಣ್ಣೆ ಹಚ್ಚಿ ಬಾಚಿದ ಜಡೆ, ಎದೆಗವಚಿದ ಹಾಲ್ ಟಿಕೆಟ್ಟಿನೊಂದಿಗೆ ಬಂದು ಗಾಡಿಯನ್ನು ಸಂಶಯದಿಂದ ನೋಡಿದಳು.

"ಮಾಮಾ, ಬಸ್ಸಿಗೆ ಹೋಗ್ಲೇನು?"

"ಬಸ್ಸು ಹೋತು. ಕುಂದ್ರು. ನಾನೇ ಬಿಟ್ಟು ಬರ್ತೀನಿ!"

ಮಸ್ಕಿ ದಾಟುವವರೆಗೆ ಗಾಡಿ ಬೆಣ್ಣೆಯಂತೆ ಓಡಿತು. ಆಮೇಲೆ ಯಾರೋ ಮುಂದಿನಿಂದ ತಡೆದು ಹಿಡಿದ ಹಾಗೆ ಭಾರವಾಯಿತು. ಸುಟ್ಟ ವಾಸನೆ ಬಂತು. ನಿಲ್ಲಿಸಿ ಗಾಲಿಯ ನಡುವೆ ಕೈಯಿಟ್ಟೆ, ಬೆರಳು ಚುರ್ರೆಂದಿತು! ನಟ್ಟು ಸಡಿಲಿಸಿ, ಓಲಾಡುವ ಗಾಲಿಯಲ್ಲಿ ಇನ್ನೊಂದಷ್ಟು ದೂರ ಹೋದೆವು. ಅಲ್ಲಿಗೆ ಗಾಲಿ ಪೂರ್ತಿ ಕಚ್ಚಿಕೊಂಡಿತು. ಅಂಚಿನಿಂದ ಕರಿ ಗ್ರೀಸಿನ ಜೊತೆಗೆ ಪೌಡರ್ ಡಬ್ಬಿಯ ಚೂರೊಂದು ಹೊರಗೆ ಇಣುಕುತ್ತಿತ್ತು.

ಶಾಂತಾ ಕೆಳಗಿಳಿದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಲಿಂಗಸುಗೂರಿನ ದಿಕ್ಕಿಗೆ ಓಡತೊಡಗಿದಳು. ಅವಳ ಜಡೆ ಬೆನ್ನ ಮೇಲೆ ಬಡಿಯುವುದನ್ನು ನೋಡುತ್ತ ನನಗೆ ನಿಜವಾಗಿ ಅಳು ಬಂತು. ನನ್ನ ಜಂಬಕ್ಕೆ ಈ ಹುಡುಗಿಯ ಓದು ಹೋಯಿತಲ್ಲ! ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತೆ. ಕಲ್ಲಂಗಡಿ ಹಣ್ಣು ತುಂಬಿದ ಒಂದು ಟೆಂಪೋ ನನ್ನ ಮೂಗಿನ ಹತ್ತಿರ ಬಂದು ನಿಂತಿತು.

"ಸಾಯಾಕ ಬಂದೀಯೇನಲೇ?" ಡ್ರೈವರ್ ಕೂಗಿದ.

"ನನ್ನ ಬಿಡಪ್ಪ! ಮುಂದ ಒಂದು ಹುಡುಗಿ ಓಡಾಕತ್ಯಾಳ, ಪರೀಕ್ಷೆ ಐತಿ, ಹತ್ತಿಸ್ಕೋ!"

ಹಣ್ಣುಗಳ ನಡುವೆ ಅವಳು ಕೂತದ್ದು ದೂರದಿಂದ ಕಾಣಿಸಿತು. ಮುಂದೇನಾಯಿತೋ ತಿಳಿಯುವ ದಾರಿ ಇರಲಿಲ್ಲ.

ಗಾಡಿಯನ್ನು ಎತ್ತಿನ ಬಂಡಿಯ ಮೇಲೆ ಹೇರಿ, ಊರೆಲ್ಲ ನೋಡುವಂತೆ ಮಾವನ ಮನೆಗೆ ಮೆರವಣಿಗೆ ಬಂದೆ. ವಿಷಯ ಕೇಳಿದ ಮಾವ ಕಟ್ಟೆಯ ಮೇಲೆ ಕುಸಿದು ಕೂತು, ಜೇಬಿನಿಂದ ಏನನ್ನೋ ತೆಗೆದು ನನ್ನ ಮುಂದಿಟ್ಟರು. ಒಂದು ದಪ್ಪ ವಾಷರು!

"ನಿನ್ನೆ ಅಂಗಳದಾಗ ಬಿದ್ದಿತ್ರಿ."

"ಮತ್ತ ನಿನ್ನೇನ ಯಾಕ ಹೇಳಲಿಲ್ರಿ?"

"ಅಳಿಯಂದ್ರು ತೆಗೆದು ಒಗದಾರ ಅಂದ್ರ ಏನರ ಕಾರಣ ಇರಬೇಕು ಅಂದ್ಕೊಂಡೆ" ಎಂದರು ಮಾವ, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿ.

ಸಂಜೆಯವರೆಗೆ ನಾನು ನೀರೂ ಮುಟ್ಟಲಿಲ್ಲ. ಬಸ್ಸಿನಿಂದಿಳಿದು ಬಂದ ಶಾಂತಾ, "ಬಾಗಲಾ ಮುಚ್ಚೂದ್ರಾಗ ಒಳಗ ಹೊಕ್ಕೆ ಮಾಮಾ. ಛಲೋ ಬರದೀನಿ" ಎಂದಾಗ, ಆ ಬಾಗಿಲ ಮರೆಯ ಅತ್ತೆಗಿಂತ ಮೊದಲು ನಾನೇ ಕೈಮುಗಿದೆ.

ಅವಳು ಪಾಸಾದಳು, ಟ್ರೇನಿಂಗ್ ಮುಗಿಸಿದಳು, ಮುದಗಲ್ಲಿನಲ್ಲಿ ಟೀಚರಾದಳು. ಆಮೇಲೆ ಅವಳನ್ನು ನೋಡಲು ಒಂದು ಗಂಡು ಬಂತು. ಹಿರಿಯ ಅಳಿಯನೆಂದು ನನ್ನನ್ನು ಜಮಖಾನದ ನಡುವೆ ಕೂರಿಸಿದ್ದರು. ಮಾವ ಹುಡುಗನ ಹೊಲ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ನನ್ನ ಕಡೆಗೊಮ್ಮೆ ಮರ್ಯಾದೆಯಿಂದ ನೋಡಿ, ಅವನನ್ನು ಒಂದೇ ಮಾತು ಕೇಳಿದರು:

"ತಮ್ಮಾ, ನಿಮಗ ಗಾಡಿ ರಿಪೇರಿ ಬರ್ತೈತೇನ್ರಿ?"

"ಇಲ್ರಿ, ಏನೇನೂ ಬರಂಗಿಲ್ರಿ" ಎಂದು ಹುಡುಗ ಹೆದರುತ್ತಲೇ ಹೇಳಿದ.

ಸಂಬಂಧ ಅಲ್ಲೇ ಗಟ್ಟಿಯಾಯಿತು.