ಅಡುಗೆಮನೆಯಿಂದ ಕೇಳಿದ ಪ್ರಸಂಗ

ಇಪ್ಪತ್ತು ವರ್ಷಗಳಿಂದ ಪ್ರಸಂಗ ಕೇಳುತ್ತಿದ್ದೇನೆ, ಒಂದನ್ನೂ ಪೂರ್ತಿ ಕೇಳಿಲ್ಲ ಎಂದರೆ ನೀವು ನನ್ನ ಭಕ್ತಿಯನ್ನೇ ಅನುಮಾನಿಸಬಹುದು. ತಪ್ಪು ನನ್ನದಲ್ಲ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯದು. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಪ್ರಾರ್ಥನೆ ಕೂಟ, ಪಾಸ್ಟರ ಪ್ರಸಂಗ. ಹಾಲಿನಲ್ಲಿ ಚಾಪೆ ಹಾಸಿರುತ್ತದೆ, ಯಜಮಾನರು ಪ್ರಾರ್ಥನೆ ನಡೆಸುತ್ತಾರೆ, ನಾನು ಒಳಗೆ ಮೆಣಸಿನಕಾಯಿ ಸೀಳುತ್ತಿರುತ್ತೇನೆ. ದೇವರ ಮಾತು ನನಗೆ ತಲುಪುವುದು ಎಣ್ಣೆಯಿಂದ ಒಂದು ಒಬ್ಬೆ ತೆಗೆದು ಇನ್ನೊಂದು ಬಿಡುವ ನಡುವೆ.

ಹೋದ ತಿಂಗಳು ಸಿರುಗುಪ್ಪದಿಂದ ಬಂದ ಪಾಸ್ಟರು ಹೊಸ ವಿಷಯ ಎತ್ತಿದರು. ಮೊದಲ ಕ್ರೈಸ್ತರಿಗೆ ಚರ್ಚಿನ ಕಟ್ಟಡವೇ ಇರಲಿಲ್ಲವಂತೆ, ಮನೆಗಳಲ್ಲೇ ಕೂಡುತ್ತಿದ್ದರಂತೆ. ಅದರಲ್ಲಿ ಎಷ್ಟೋ ಮನೆಗಳು ಹೆಂಗಸರವು. ದೂರದ ಸಭೆಗೆ ಬೈಬಲಿನ ಒಂದು ಪತ್ರ ಹೊತ್ತು ಹೋದವಳೂ ಒಬ್ಬ ಹೆಂಗಸೇ. ಹಾಗಿದ್ದ ಹೆಂಗಸರು ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕೆಂದು ಯಾವಾಗ ಆಯಿತು ಎಂದು ಅವರು ಕೇಳುವಷ್ಟರಲ್ಲಿ ಎಣ್ಣೆ ಚುರ್ ಎಂದಿತು. ಉತ್ತರ ನನಗೆ ಕೇಳಲಿಲ್ಲ. ಆಮೇಲೆ ಯಜಮಾನರನ್ನು ವಿಚಾರಿಸಿದರೆ, ಮಿರ್ಚಿ ಚೆನ್ನಾಗಿತ್ತು ಎಂದರು.

ಅಂದಿನಿಂದ ನನಗೊಂದೇ ಹಂಬಲ. ಒಮ್ಮೆಯಾದರೂ ಮುಂದೆ ಕೂತು ಪೂರ್ತಿ ಕೇಳಬೇಕು, ಎದ್ದು ಎರಡು ಮಾತು ಆಡಬೇಕು. ನಮ್ಮವ್ವನಿಗೆ ಹಾಡುಗಳೆಲ್ಲ ಬಾಯಿಪಾಠ. ಓಣಿಯ ಹೆಂಗಸರಿಗೆಲ್ಲ ಪ್ರಾರ್ಥನೆ ಕಲಿಸಿದವಳು. ಅವಳನ್ನು ಯಾರೂ ಒಂದು ದಿನವೂ ಸಭೆಯ ಮುಂದೆ ನಿಲ್ಲಿಸಲಿಲ್ಲ, ಹಾಗೇ ಹೋಗಿಬಿಟ್ಟಳು. ಅದನ್ನು ಹೇಳಬೇಕಿತ್ತು. ಪಾತ್ರೆ ತೊಳೆಯುತ್ತಾ ಎಷ್ಟು ಅಭ್ಯಾಸ ಮಾಡಿದೆನೆಂದರೆ, ನಮ್ಮನೆ ಪಾತ್ರೆಗಳೂ ಆ ಎರಡು ಮಾತನ್ನು ತಪ್ಪಿಲ್ಲದೆ ಹೇಳಿಯಾವು.

ಈ ತಿಂಗಳು ಅದೇ ಪಾಸ್ಟರ ಅದೇ ಪ್ರಸಂಗ ಕುರುಗೋಡಿನಲ್ಲಿ, ನಾದಿನಿ ಶಾಂತಮ್ಮನ ಮನೆಯಲ್ಲಿ ಎಂದು ತಿಳಿಯಿತು. ಯಜಮಾನರೊಂದಿಗೆ ಹೋಗಿ ಮುಂದಿನ ಚಾಪೆಯಲ್ಲೇ ಕೂತೆ. ಒಳಗೆ ಶಾಂತಮ್ಮ ಒಬ್ಬಳೇ. ಕಲಸುವ ಸದ್ದಿನಲ್ಲೇ ಹಿಟ್ಟಿಗೆ ನೀರು ಹೆಚ್ಚಾಯಿತೆಂದು ನನಗೆ ಗೊತ್ತಾಯಿತು. ಸುಮ್ಮನಿರಬೇಕಿತ್ತು, ಆಗಲಿಲ್ಲ. ಎದ್ದು ಹೋದೆ. ಮುಂದೆ ಕೂತವಳೇ ಎದ್ದಳೆಂದು ಉಳಿದ ಹೆಂಗಸರೂ ನನ್ನ ಹಿಂದೆಯೇ ಬಂದರು.

"ನೀವ್ಯಾಕ ಎದ್ದು ಬಂದ್ರಿ ಅತ್ತಿಗಿ? ಹೋಗಿ ಕುಂದರ್ರಿ," ಎಂದಳು ಶಾಂತಮ್ಮ. ಇದೊಂದು ಒಬ್ಬೆ ಎಂದೆ. ಒಂದು ನಾಲ್ಕಾಯಿತು.

ಆಗ ಹಾಲಿನಿಂದ ಪಾಸ್ಟರ ದನಿ ಕೇಳಿತು. "ಇವತ್ತು ಅಕ್ಕಂದಿರಾಗ ಯಾರಾದ್ರೂ ಎರಡು ಮಾತು ಹೇಳ್ರಿ."

ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. "ನಮ್ಮ ಹೆಣ್ಮಕ್ಕಳಿಗೆ ಎದ್ದು ಮಾತಾಡಾಕ ನಾಚಿಕಿರಿ," ಎಂದರು ನಮ್ಮ ಯಜಮಾನರು.

ಶಾಂತಮ್ಮ ನನ್ನ ಕೈಯಿಂದ ಮಿರ್ಚಿ ಎತ್ತುವ ಜಾರ ಕಿತ್ತುಕೊಂಡು ಬಾಗಿಲ ಕಡೆ ನೂಕಿದಳು. ಹಿಟ್ಟಿನ ಕೈಯಲ್ಲೇ ಹೊಸ್ತಿಲಲ್ಲಿ ನಿಂತೆ. ಎಲ್ಲರೂ ತಿರುಗಿ ನೋಡಿದರು. ಪಾಸ್ಟರು ಹೇಳಮ್ಮ ಎನ್ನುವಂತೆ ತಲೆಯಾಡಿಸಿದರು. ಬಾಯಿ ತೆರೆದೆ.

"ಚಾ ಈಗ ತರ್ಲೇನ್ರಿ?" ಎಂದೆ.