ಅವಸರದ ಗುಂಡು, ಸಾವಕಾಶದ ಗುಂಡು

ಯಾವ ಕೆಲಸ ನನಗೆ ಬರುವುದಿಲ್ಲವೋ ಅದರ ಉಸ್ತುವಾರಿ ಹುಡುಕಿಕೊಂಡು ನನ್ನ ಮೇಜಿಗೇ ಬರುತ್ತದೆ. ಬೇಡ ಅಂದು ಅಂದು ಸುಸ್ತಾಗಿ, ಕೊನೆಗೆ ಬಂದದ್ದನ್ನು ಎದುರು ಕುರ್ಚಿಯಲ್ಲಿ ಕೂರಿಸುವುದು ರೂಢಿಯಾಯಿತು. ಐವತ್ತರ ದಶಕದ ಕೊನೆಯಲ್ಲಿ ಹಾಗೆ ಬಂದದ್ದು ಬಂದೂಕು.

ನಾನು ಕಾಸರಗೋಡಿನವನು. ಆಗ ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಮ್ಮ ದೊಡ್ಡ ಸಾಹೇಬರಿಗೆ ಸಿಬ್ಬಂದಿಗೊಂದು ರೈಫಲ್ ಕ್ಲಬ್ಬು ಬೇಕೆನಿಸಿತು. ಮೊದಲ ಸಭೆಯಲ್ಲಿ ಬೇಳೆಯ ಪರಿಪ್ಪುವಡೆ ತಿಂದು ಕೈ ತೊಳೆಯಲು ಹೊರಗೆ ಹೋದೆ. ಒಳಗೆ ಬಂದಾಗ ನಾನು ಕಾರ್ಯದರ್ಶಿಯಾಗಿದ್ದೆ.

ಸಬ್ ಎಂದರೆ

ಕ್ಲಬ್ಬಿಗೆ ಬಂದದ್ದು ಟೂ-ಟೂ ರೈಫಲ್. ಅದರ ತೋಟೆ ಕಿರುಬೆರಳಿಗಿಂತ ಚಿಕ್ಕದು. ಕಿಡಿ ಹೊತ್ತಿಸುವ ಮದ್ದು ಅದರ ಬುಡದ ಅಂಚಿನೊಳಗೆ ಇರುತ್ತದೆ, ಆ ಅಂಚಿಗೆ ಏಟು ಬಿದ್ದರೆ ಸಿಡಿಯುತ್ತದೆ. ಅದಕ್ಕೇ ರಿಮ್‌ಫೈರ್ ಅಂತ ಹೆಸರು. ಇದರಲ್ಲಿ ಎರಡು ಬಗೆ. ಸದ್ದಿಗಿಂತ ತುಸು ಮೆಲ್ಲಗೆ ಹೋಗುವುದು ಸಬ್‌ಸಾನಿಕ್, ಸದ್ದನ್ನು ಹಿಂದೆ ಹಾಕುವುದು ಸೂಪರ್‌ಸಾನಿಕ್. ಅವಸರದ ಗುಂಡು ದಾರಿಯಲ್ಲಿ ವೇಗ ಕಳೆದುಕೊಂಡು ಸದ್ದಿನ ವೇಗಕ್ಕೆ ಇಳಿಯುವ ಹೊತ್ತಿಗೆ ಸ್ವಲ್ಪ ತತ್ತರಿಸುತ್ತದೆ. ಹಾಗಾಗಿ ಗುರಿ ಹೊಡೆಯುವವರಿಗೆ ಸಾವಕಾಶದ್ದೇ ಒಳ್ಳೆಯದು. ಇಷ್ಟನ್ನು ನಾನು ಒಂದು ಕೈಪಿಡಿಯನ್ನು ಮೂರು ಸಲ ಓದಿ ತಿಳಿದುಕೊಂಡು, ಸಬ್‌ಸಾನಿಕ್ ತೋಟೆ ತರಿಸಬೇಕೆಂದು ಟಿಪ್ಪಣಿ ಬರೆದೆ.

ಹೆಡ್ ಕ್ಲಾರ್ಕು ಫೈಲು ಹಿಡಿದುಕೊಂಡು ನನ್ನ ಮೇಜಿಗೇ ಬಂದರು. "ಸಬ್ ಇನ್‌ಸ್ಪೆಕ್ಟರ್ ಅಂದರೆ ಇನ್‌ಸ್ಪೆಕ್ಟರಿಗಿಂತ ಕೆಳಗೆ. ಸಬ್ ರಿಜಿಸ್ಟ್ರಾರ್ ಅಂದರೆ ರಿಜಿಸ್ಟ್ರಾರಿಗಿಂತ ಕೆಳಗೆ. ಮೇಲಿನದು ಸಿಗುವಾಗ ಕೆಳಗಿನದನ್ನು ಯಾಕೆ ಕೇಳುತ್ತೀರಿ?"

ನಾನು ಸದ್ದು, ವೇಗ, ತತ್ತರ ಎಲ್ಲ ವಿವರಿಸಿದೆ. ಅವರಿಗೆ ಹಿಡಿಸಲಿಲ್ಲ. ಇಬ್ಬರೂ ಸಾಹೇಬರ ಕೋಣೆಗೆ ಹೋದೆವು. ಸಾಹೇಬರು ತಾಳ್ಮೆಯಿಂದ ಕೇಳಿದರು.

"ನಿಧಾನವಾಗಿ ಹೋದದ್ದೇ ಸರಿಯಾಗಿ ಮುಟ್ಟುತ್ತದೆ ಅಂತೀರಿ."

"ಹೌದು ಸರ್."

"ಅದನ್ನು ಈ ಕಚೇರಿಯ ಫೈಲಿನಲ್ಲಿ ಬರೆದು ಇಟ್ಟಿದ್ದೀರಿ."

"ಹೌದು ಸರ್."

"ಮೊದಲು ಆ ಹಾಳೆ ತೆಗೆಯಿರಿ. ಮೇಲಿನವರು ಯಾರಾದರೂ ಓದಿಯಾರು."

ಅವಸರದ ತೋಟೆಯೇ ಬಂತು.

ಸಾಹೇಬರ ಕನ್ನಡಕ

ಕೊಚ್ಚಿಯ ಹೊರಗೆ, ವೈಟ್ಟಿಲದ ಆಚೆ ಗದ್ದೆಯಂಚಿನಲ್ಲಿ ಒಂದು ಮಣ್ಣಿನ ದಿಬ್ಬ ಎಬ್ಬಿಸಿ ಅದಕ್ಕೆ ಗುರಿಹಲಗೆ ಒರಗಿಸಿದ್ದೆವು. ಸಾಹೇಬರು ಮೊದಲ ದಿನ ಐದು ಗುಂಡು ಹೊಡೆದರು. ಪಾಲಾದ ಅಣ್ಣತಮ್ಮಂದಿರ ಹಾಗೆ ಐದೂ ಐದು ದಿಕ್ಕಿಗೆ ಹೋದವು. ರೈಫಲ್ ಸರಿಯಿಲ್ಲ ಅಂದರು, ಗಾಳಿ ಅಂದರು, ಹಾಸಿದ ಚಾಪೆ ಅಂದರು. ಮೂರು ಶನಿವಾರ ಇದೇ ಕಥೆ.

ನಮಗೆ ಕಲಿಸಲು ಬರುತ್ತಿದ್ದ ನಿವೃತ್ತ ಹವಾಲ್ದಾರರ ಹತ್ತಿರ ಸಾವಕಾಶದ ತೋಟೆ ಒಂದು ಡಬ್ಬಿ ಇತ್ತು. ನಾಲ್ಕನೆಯ ಶನಿವಾರ ಸಾಹೇಬರಿಗೆ ಹೇಳದೆ ಅದರಲ್ಲಿ ಐದು ಕೊಟ್ಟೆ. ಐದೂ ತೂತನ್ನು ಒಂದು ಕಿತ್ತಳೆಹಣ್ಣು ಇಟ್ಟು ಮುಚ್ಚಬಹುದಿತ್ತು. ಸಾಹೇಬರು ಹಲಗೆಯನ್ನು ತುಂಬ ಹೊತ್ತು ನೋಡಿದರು. ಈಗ ಹೇಳೋಣ ಎಂದು ಬಾಯಿ ತೆರೆದೆ.

"ಗೊತ್ತಾಯಿತು," ಅಂದರು ಸಾಹೇಬರು. "ನಿನ್ನೆ ಹೊಸ ಕನ್ನಡಕ ತೆಗೆದುಕೊಂಡೆ. ತಪ್ಪು ಕಣ್ಣಿನಲ್ಲಿತ್ತು."

ಮರುವಾರ ಸದಸ್ಯರೆಲ್ಲ ಕಣ್ಣು ಪರೀಕ್ಷೆ ಮಾಡಿಸಬೇಕೆಂದು ಸುತ್ತೋಲೆ ಬಂತು. ಪರೀಕ್ಷೆಯಲ್ಲಿ ನನಗೂ ಒಂದು ಕನ್ನಡಕ ಬಂತು. ತೋಟೆ ಬರಲಿಲ್ಲ.

ಹಸುವಿನ ಅರ್ಜಿ

ಕೊನೆಗೆ ಸಾವಕಾಶದ ತೋಟೆ ಬಂದದ್ದು ಒಂದು ಹಸುವಿನಿಂದ. ದಿಬ್ಬದ ಪಕ್ಕದ ಮನೆಯ ಅಕ್ಕ, ಅಲ್ಲಿಯ ಮಾತಿನಲ್ಲಿ ಚೇಚಿ, ಒಂದು ಶನಿವಾರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಅವಸರದ ಗುಂಡು ಹಾರುವಾಗ ಚಾಟಿ ಬೀಸಿದ ಹಾಗೆ ಗಾಳಿ ಸೀಳುತ್ತದೆ. ಆ ಸದ್ದಿಗೆ ಹೆದರಿ ಹಸು ಸಂಜೆ ಹಾಲೇ ಇಳಿಸುವುದಿಲ್ಲವಂತೆ. ಆ ಮನೆಯ ಹಾಲು ಸಾಹೇಬರ ಬಂಗಲೆಗೂ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ನನ್ನ ಟಿಪ್ಪಣಿ ಆರು ತಿಂಗಳಲ್ಲಿ ಮಾಡದ್ದನ್ನು ಹಸು ಆರು ದಿನದಲ್ಲಿ ಮಾಡಿಸಿತು.

ಹೊಸ ತೋಟೆಗೂ ಸದ್ದಿತ್ತು, ಆದರೆ ಆ ಸೀಳು ಇರಲಿಲ್ಲ. ಎರಡು ವಾರದ ಮೇಲೆ ಚೇಚಿ ಮತ್ತೆ ಬಂದರು.

"ಹಸು ಹಾಲು ಕೊಡುತ್ತಾ ಇಲ್ಲವಾ?" ಎಂದು ನಾನೇ ಕೇಳಿದೆ.

"ಕೊಡುತ್ತದೆ ಸಾರೇ, ತುಂಬ ಕೊಡುತ್ತದೆ. ಆದರೆ ನಮ್ಮ ಮನೆಯವರು ಮಧ್ಯಾಹ್ನ ಉಂಡು ಮಲಗಿದರೆ ಏಳುವುದಿಲ್ಲ. ಮೊದಲು ನಿಮ್ಮ ಗುಂಡಿಗೆ ಎದ್ದು ಅಂಗಡಿ ತೆರೆಯುತ್ತಿದ್ದರು. ಈಗ ಆರು ಗಂಟೆಯಾದರೂ ಗೊರಕೆ."

"ಅದಕ್ಕೆ ನಾನೇನು ಮಾಡಲಿ ಚೇಚಿ?"

"ಹಾಲು ಕರೆದಾದ ಮೇಲೆ ನಾನು ಬೇಲಿಯ ಹತ್ತಿರ ಬಂದು ಕೈ ಬೀಸುತ್ತೇನೆ. ಹಳೆಯದು ಒಂದು ಹೊಡೆದುಬಿಡಿ."

ನನಗೆ ವಾದ ಮಾಡುವ ತ್ರಾಣ ಇರಲಿಲ್ಲ. ನನಗೆ ವರ್ಗವಾಗುವ ತನಕ ಪ್ರತಿ ಶನಿವಾರ ಒಂದು ಅವಸರದ ಗುಂಡು ಆ ಮನುಷ್ಯನನ್ನು ಎಬ್ಬಿಸುವುದಕ್ಕೆಂದೇ ಹಾರಿತು.

ಶ್ರೀಕಾರ್ಯದ ತನಿಖೆ

ತಿರುವನಂತಪುರಕ್ಕೆ ವರ್ಗವಾದಾಗ ಮನೆಯವಳು ಪೆಟ್ಟಿಗೆ ಕಟ್ಟುತ್ತಾ ಹೇಳಿದಳು: "ಅಲ್ಲಾದ್ರೂ ಬಂದೂಕಿನ ಸುದ್ದಿ ಎತ್ತಬೇಡಿ ಮಾರಾಯ್ರೆ. ಕೇಳಿದ್ರೆ ಎಂತದೂ ಗೊತ್ತಿಲ್ಲ ಹೇಳಿ."

ನಾನು ಸುದ್ದಿ ಎತ್ತಲಿಲ್ಲ. ನನಗಿಂತ ಮೊದಲೇ ನನ್ನ ಕಡತ ಹೋಗಿ ಎತ್ತಿತ್ತು. ಎರಡನೆಯ ದಿನವೇ ಅಲ್ಲಿಯ ಕ್ಲಬ್ಬಿಗೂ ಕಾರ್ಯದರ್ಶಿಯಾದೆ.

ಆ ಕ್ಲಬ್ಬಿನ ಜಾಗ ಊರಂಚಿನ ಶ್ರೀಕಾರ್ಯ ಎಂಬ ಕಡೆ ಇತ್ತು. ಒಂದು ತಗಡಿನ ಮಾಡು, ಅದರ ಮೇಲೆ ವಾಲಿದ ಒಂದು ತೆಂಗಿನ ಮರ, ಎದುರಿಗೆ ದಿಬ್ಬ. ಗುಂಡು ಹೊಡೆಯುವುದು ಅಪಾಯವೆಂದು ಯಾರೋ ಅರ್ಜಿ ಹಾಕಿದ್ದರು. ತನಿಖೆಗೆ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಅವರು ಬೇಡವೆಂದರೆ ಕ್ಲಬ್ಬು ಮುಚ್ಚಿದ ಹಾಗೆ. ಮುಚ್ಚಲಿ ಎಂದೇ ನಾನು ಒಳಗೊಳಗೆ ಹರಕೆ ಹೊತ್ತಿದ್ದೆ. ಆದರೆ ನಮ್ಮ ಕಚೇರಿಯ ಟೈಪಿಸ್ಟ್ ಹುಡುಗಿ ಒಬ್ಬಳಿದ್ದಳು. ಒಂದು ವರ್ಷದಿಂದ, ಕೆಲಸ ಮುಗಿಸಿ ಬಸ್ಸು ಹಿಡಿದು ಬಂದು ಅಭ್ಯಾಸ ಮಾಡುತ್ತಿದ್ದಳು. ಮುಂದಿನ ತಿಂಗಳು ಸ್ಪರ್ಧೆ. ಅವಳ ಮುಖ ನೋಡಿದಾಗಲೆಲ್ಲ ಹರಕೆಯನ್ನು ವಾಪಸು ತೆಗೆದುಕೊಳ್ಳುತ್ತಿದ್ದೆ.

ಅಧಿಕಾರಿ ಬಂದರು. ಮಾಡಿನಿಂದ ತುಸು ಹೊರಗೆ ಹಾಕಿದ್ದ ಕುರ್ಚಿಯಲ್ಲಿ ಕೂತು ಎಳನೀರು ಕುಡಿದರು. ಎದ್ದು ಬಂದು, "ಎರಡು ಬಗೆ ಉಂಟಂತಲ್ಲ, ಎರಡನ್ನೂ ಕೇಳಿಸಿ," ಅಂದರು.

ಹುಡುಗಿ ಮಲಗಿ ಗುರಿ ಹಿಡಿದು ಸಾವಕಾಶದ್ದು ಒಂದು ಹೊಡೆದಳು. "ಇಷ್ಟೇಯಾ?" ಅಂದರು ಅಧಿಕಾರಿ. ಅವಳು ಅವಸರದ್ದು ತುಂಬಿ ಬಂದೂಕಿನ ಕುದುರೆ ಎಳೆದಳು. ಮಳೆಗಾಲದ ಥಂಡಿ ಹಿಡಿದ ತೋಟೆ. ಟಿಕ್ ಅಂದಿತು, ಸಿಡಿಯಲಿಲ್ಲ. ಅದೇ ಗಳಿಗೆಗೆ ಮರದಿಂದ ಒಂದು ಬಲಿತ ಕಾಯಿ ತಗಡಿನ ಮೇಲೆ ಬಿತ್ತು.

ಅಧಿಕಾರಿ ಎರಡೂ ಕಿವಿ ಮುಚ್ಚಿಕೊಂಡರು. ಕೈ ತೆಗೆದಾಗ ಮುಖ ಅರಳಿತ್ತು. "ಸೂಪರ್ ಅಂದರೆ ಇದು. ಎದೆಯೇ ನಡುಗಿತು. ಎಲ್ಲಿ ತಾಗಿದೆ ನೋಡೋಣ," ಎಂದು ಹಲಗೆಯ ಕಡೆ ಹೊರಟೇಬಿಟ್ಟರು.

ಹುಡುಗಿ ಅಲುಗಲಿಲ್ಲ. ಬಂದೂಕನ್ನು ದಿಬ್ಬದ ಕಡೆಗೇ ಹಿಡಿದುಕೊಂಡು ಮೆಲ್ಲಗೆ, "ಸಾರ್, ಗುಂಡು ಇನ್ನೂ ಒಳಗಿದೆ," ಅಂದಳು. ಇಂಥ ತೋಟೆ ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ನಾನು ಜೀವಮಾನದಲ್ಲಿ ಮೊದಲ ಸಲ ಮೇಲಧಿಕಾರಿಯ ತೋಳು ಹಿಡಿದು ಹಿಂದಕ್ಕೆ ಎಳೆದೆ.

"ಮುಂದೆ ಹೋಗಬೇಡಿ ಸರ್. ಗುಂಡು ಹೊರಟಿಲ್ಲ."

"ಹೊರಟಿಲ್ಲವಾ? ಹಾಗಾದರೆ ನಾನು ಕೇಳಿದ್ದು?"

"ತೆಂಗಿನಕಾಯಿ, ಸರ್."

ಅವರು ತಿರುಗಿ ನೋಡಿದರು. ಕಾಯಿ ತಗಡಿನಿಂದ ಉರುಳಿ, ಅವರು ಕೂತು ಎಳನೀರು ಕುಡಿದ ಬೆತ್ತದ ಕುರ್ಚಿಯನ್ನು ತೂತು ಮಾಡಿ ಕೆಳಗೆ ಕೂತಿತ್ತು. ಅವರು ನೇರ ಹೋಗಿ ಕಾರು ಹತ್ತಿದರು. ಕ್ಲಬ್ಬು ಮುಗಿಯಿತು ಅಂದುಕೊಂಡೆ. ವಿಚಿತ್ರವೆಂದರೆ ನನಗೆ ಸಂತೋಷವಾಗಲಿಲ್ಲ.

ವಾರದ ಮೇಲೆ ಆದೇಶ ಬಂತು. ಗುಂಡು ಹೊಡೆಯುವುದರಲ್ಲಿ ಶಿಸ್ತು ಚೆನ್ನಾಗಿದೆ, ಮುಂದುವರಿಸಬಹುದು ಎಂದಿತ್ತು. ಹುಡುಗಿ ಸ್ಪರ್ಧೆಗೆ ಹೋಗಿ ಎರಡನೆಯವಳಾಗಿ ಬಂದಳು. ಆದೇಶದ ಕೆಳಗೆ ಇನ್ನೊಂದು ಸಾಲಿತ್ತು: ಜಾಗದಲ್ಲಿ ನಿಜವಾದ ಅಪಾಯ ತೆಂಗಿನ ಮರ, ಅಲ್ಲಿ ಕಾರ್ಯದರ್ಶಿಯವರು ಕೂಡಲೇ ಎಚ್ಚರಿಕೆಯ ಹಲಗೆ ಹಾಕತಕ್ಕದ್ದು.

ಹಲಗೆ ಬರೆಸಿದೆ. ಏಣಿ ತರಿಸಿ ಆ ಮರಕ್ಕೇ ಮೊಳೆ ಹೊಡೆಯಲು ಹೊರಟೆ. ಮೂರನೆಯ ಏಟಿಗೆ ಒಂದು ಕಾಯಿ ನನ್ನ ಕಿವಿಯ ಪಕ್ಕದಿಂದ ಹೋಯಿತು. ಹುಡುಗಿ ಕೆಳಗಿನಿಂದ ಕೇಳಿದಳು: "ಸಾರ್, ಇದು ಯಾವ ಬಗೆ? ಸದ್ದು ಮೊದಲು ಬಂತಾ, ಕಾಯಿ ಮೊದಲು ಬಂತಾ?"