ಒದ್ದೆ ಗೋಡೆಗೆ ಕಿವಿಗೊಟ್ಟ ಭಾವ

ಮೂರು ತಿಂಗಳು ಜಪಾನಿನಲ್ಲಿದ್ದ ನಿಮ್ಮ ಭಾವ ಏನೇನು ನೋಡಿದರು ಎಂದು ಯಾರಾದರೂ ಕೇಳಿದರೆ ನಾನು ಮಾತು ತೇಲಿಸಿಬಿಡುತ್ತೇನೆ. ಇನ್ನೇನು ಮಾಡಲಿ? ಅವರು ನೋಡಿದ್ದು ಸೀಲಿಂಗುಗಳನ್ನು! ಟೋಕಿಯೋದ ನಮ್ಮ ನಿಶಿ ಕಸಾಯಿಯಿಂದ ಹೊರಟ ರೈಲು ನದಿಯ ಸೇತುವೆ ಹತ್ತಿದಾಗ, ಚಳಿಗಾಲದ ತಿಳಿ ಬೆಳಗಿನಲ್ಲಿ ದೂರಕ್ಕೆ ಫ್ಯೂಜಿ ಪರ್ವತ ಕಾಣುತ್ತದೆ. "ಭಾವ, ಅಲ್ನೋಡಿ, ಫ್ಯೂಜಿ!" ಎಂದು ನಾನು ಕೂಗಿದರೆ ಅವರು ಕತ್ತು ಮೇಲೆತ್ತಿ ಬೋಗಿಯ ಚಾವಣಿ ನೋಡುತ್ತಿದ್ದರು. "ಇಷ್ಟು ಹಳೇ ಬೋಗಿ, ಒಂದು ಕಲೆ ಇಲ್ವಲ್ಲೋ!" ಎಂದರು. ದನಿಯಲ್ಲಿ ಎಂಥ ನಿರಾಶೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ತಿಪಟೂರು. ಬಹಳ ವರ್ಷ ವಿಮಾ ಕಂಪನಿಯ ಪರವಾಗಿ ಹೋಗಿ, ಬೆಂಕಿ ಬಿದ್ದಲ್ಲಿ ನೀರು ನುಗ್ಗಿದಲ್ಲಿ ಎಷ್ಟು ಹಾನಿಯಾಯಿತು ಎಂದು ಬರೆದುಕೊಂಡು ಬರುವ ಕೆಲಸ ಮಾಡಿದವರು. ಒಂದು ದಿನ ಸುಟ್ಟುಹೋದ ಕೊಬ್ಬರಿ ಗೋದಾಮಿನ ಮಾಲೀಕ ಕೈಕಟ್ಟಿ ನಿಂತು, "ನೀವು ಎಷ್ಟು ಬರೀತೀರೋ ಅಷ್ಟು ಸ್ವಾಮಿ, ನನಗೇನು ಗೊತ್ತು?" ಎಂದನಂತೆ. ಭಾವ ಅವತ್ತೇ ಕಡೆ ಬದಲಾಯಿಸಿದರು! ಆಮೇಲೆ ನಷ್ಟವಾದವರ ಪಕ್ಕದಲ್ಲಿ ನಿಂತು, ಅವರಿಗೆ ಏನು ಕೇಳಬೇಕೆಂದು ಹೇಳಿಕೊಡುವುದೇ ಅವರ ಕಸುಬಾಯಿತು.

"ಕಂಪನಿಯವನು ಕೆಟ್ಟವನಲ್ಲ ಕಣೋ. ಕಂಡಿದ್ದನ್ನ ಬರ್ಕೊಂಡು ಹೋಗ್ತಾನೆ. ಕಾಣದೇ ಇರೋದನ್ನ ತೋರ್ಸೋಕೆ ನಮ್ಮ ಕಡೆಯವನು ಒಬ್ಬ ಬೇಡ್ವಾ?" ಎನ್ನುತ್ತಿದ್ದರು.

ನಾನು ಹೂಂ ಎನ್ನುತ್ತಿದ್ದೆ. ಒಳಗೊಳಗೇ, ಈ ಮನುಷ್ಯನಿಗೆ ಮರುಳು ಎಂದುಕೊಳ್ಳುತ್ತಿದ್ದೆ.

ಅವರ ಮಗಳು, ಅಂದರೆ ನನ್ನ ಸೊಸೆ, ಸೆಂಡಾಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳನ್ನು ನೋಡಲೆಂದೇ ಅಕ್ಕ, ಭಾವ ಇಬ್ಬರೂ ಬಂದದ್ದು. ಸೆಂಡಾಯ್‌ನ ಚಳಿ ತಡೆಯಲಾರದೆ ಭಾವ ಒಬ್ಬರೇ ನನ್ನ ಮನೆಗೆ ಬಂದು ಬೀಡುಬಿಟ್ಟರು.

ನಾನಾದರೋ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದೋಸೆ ಹುಯ್ಯಲು ಟೋಕಿಯೋಗೆ ಬಂದು, ಜಪಾನಿ ಮಾತನ್ನು ತರಕಾರಿ ಅಂಗಡಿಯಲ್ಲಿ ಕಲಿತೆ. ಸಾಫ್ಟ್‌ವೇರ್ ಹುಡುಗರು ಬೆಂಗಳೂರು, ಮೈಸೂರಿನಿಂದ ದಂಡು ದಂಡಾಗಿ ಬರತೊಡಗಿದ ಕಾಲ ಅದು. ಅವರಿಗೆ ಬಾಡಿಗೆ ಕೊಟ್ಟಿದ್ದ ಒಂದು ಮೂರಂತಸ್ತಿನ ಕಟ್ಟಡವನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು. ಮನೆಯ ಮಾಲೀಕರನ್ನು ಇಲ್ಲಿ ಓಯಾ ಸಾನ್ ಎನ್ನುತ್ತಾರೆ. ನಮ್ಮ ಓಯಾ ಸಾನ್ ಎಪ್ಪತ್ತು ದಾಟಿದ ವಿಧವೆ, ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ತಮ್ಮ ಮುದ್ರೆಯನ್ನೇ ನನ್ನ ಕೈಗೆ ಕೊಟ್ಟಿದ್ದರು. ಜಪಾನಿನಲ್ಲಿ ಮುದ್ರೆ ಎಂದರೆ ರುಜು. ಇಂಜಿನಿಯರುಗಳು ಗೀಸರ್ ಹೊತ್ತಿಸಲು ಬಾರದೆ ನನ್ನನ್ನು ಕೂಗುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಆ ಎದೆಯೊಳಗೆ ಒಂದು ಗುಟ್ಟಿತ್ತು. ನನಗೆ ಜಪಾನಿ ಓದಲು ಬರುತ್ತಿರಲಿಲ್ಲ! ಕಾಗದ ಬಂದರೆ ಹುಬ್ಬು ಗಂಟಿಕ್ಕಿ, ಕಣ್ಣನ್ನು ಮೇಲಿಂದ ಕೆಳಕ್ಕೆ ಇಳಿಸಿ, "ಸರಿ, ಸರಿ" ಎನ್ನುತ್ತಿದ್ದೆ.

ಮೇಲಿನ ಮಹಡಿಯ ಹುಡುಗರು ಒಂದು ಭಾನುವಾರ ಭಾವನನ್ನು ಕಾಫಿಗೆ ಕರೆದರು. ಕಾಫಿ ಬರುವಷ್ಟರಲ್ಲಿ ಭಾವ ನಾಪತ್ತೆ! ಹುಡುಕಿದರೆ ವಾಷಿಂಗ್ ಮೆಷಿನ್ನಿನ ಹಿಂದೆ ಮಂಡಿಯೂರಿ ಕೂತಿದ್ದಾರೆ.

"ಏನಪ್ಪಾ, ನಿಮ್ಮ ಕಂಪ್ಯೂಟರ್ ಎಲ್ಲಾ ಹೊಸ ವರ್ಷಕ್ಕೆ ಕೆಟ್ಟುಹೋಗುತ್ತಂತಲ್ಲ?"

"ಹೂಂ ಅಂಕಲ್, ವೈಟುಕೆ. ಅವತ್ತು ನಮಗೆಲ್ಲ ಆಫೀಸಲ್ಲೇ ಡ್ಯೂಟಿ."

"ಕಂಪ್ಯೂಟರ್ ಆಮೇಲೆ. ಈ ಪೈಪು ಅದಕ್ಕಿಂತ ಮೊದಲು ಕೈಕೊಡುತ್ತೆ, ನೋಡ್ಕೊಳ್ಳಿ!"

ಹುಡುಗರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಪೈಪು ಬದಲಿಸಬೇಕಾದವನೂ ನಾನೇ ಎಂಬುದು ಆಗ ಹೊಳೆಯಲೇ ಇಲ್ಲ ನೋಡಿ.

ಡಿಸೆಂಬರಿನ ಕೊನೆಯ ದಿನ ಹುಡುಗರು ಬಟ್ಟೆ ಒಗೆಯಲು ಹಾಕಿ, ಲೋಕದ ಕಂಪ್ಯೂಟರುಗಳನ್ನು ಕಾಯಲು ಓಡಿದರು. ಒಂದು ಕಂಪ್ಯೂಟರೂ ಕೆಡಲಿಲ್ಲ. ಪೈಪು ಕಿತ್ತುಕೊಂಡಿತು! ಜನವರಿ ಒಂದರ ಬೆಳಿಗ್ಗೆ ಶುಭಾಶಯ ಹೇಳಲು ನಾನು ಓಯಾ ಸಾನ್ ಬಾಗಿಲು ತಟ್ಟಿದರೆ, ಅವರು ಹಬ್ಬದ ಕಿಮೋನೋ ಉಟ್ಟು, ತೊಟ್ಟಿಕ್ಕುವ ಚಾವಣಿಯ ಕೆಳಗೆ ಅನ್ನದ ಪಾತ್ರೆ ಹಿಡಿದು ನಿಂತಿದ್ದರು. ಎರಡು ಮಹಡಿ ಇಳಿದ ನೀರು ಅವರ ತಾತಾಮಿ ಚಾಪೆಗಳನ್ನು ನೆನೆಸಿತ್ತು. ನನ್ನನ್ನು ಕಂಡು ಅವರೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ತಪ್ಪು ಅವರದೇನೋ ಎಂಬಂತೆ!

ಹೊಸ ವರ್ಷದ ರಜೆ. ವಿಮೆಯವರು ಬರುವುದು ನಾಲ್ಕು ದಿನದ ಮೇಲೆ. ನನಗೆ ಕೈಕಟ್ಟಿ ಕೂರಲು ಬರುತ್ತದೆಯೇ? ಪ್ಯಾಂಟು ಮಡಿಚಿ ಇಳಿದೆ.

"ಒರೆಸಬೇಡ ಕಣೋ!" ಎಂದು ಭಾವ ಹಿಂದೆಯೇ ಬಂದರು. "ನೀರು ನಿಲ್ಲಿಸು, ಸಾಮಾನು ಎತ್ತಿಡು, ಸಾಕು. ಕಲೆ ಕಲೆಯಾಗೇ ಇರ್ಲಿ. ಒಂದು ಚೂರೂ ಎಸೀಬೇಡ!"

ಅವರು ರಜೆಯಲ್ಲೂ ತೆರೆದಿರುವ ಕೊಂಬಿನಿ ಅಂಗಡಿಯಿಂದ, ಒಮ್ಮೆ ಬಳಸಿ ಬಿಸಾಡುವ ಕ್ಯಾಮೆರಾ ಮೂರು ತಂದು ಗೋಡೆಗಳ ಫೋಟೋ ಹೊಡೆದರು. ಐದು ಯೆನ್ನಿನ ನಾಣ್ಯದಿಂದ ಗೋಡೆ ಕುಟ್ಟಿ, ಕಿವಿಗೊಟ್ಟು ಕೇಳಿ, "ಇದರ ಹೊಟ್ಟೇಲಿ ನೀರಿದೆ" ಎಂದರು. ಡಾಕ್ಟರಾದರೂ ಇಷ್ಟು ಹೊತ್ತು ಎದೆ ಬಡಿತ ಕೇಳುವುದಿಲ್ಲ! ಕಿತ್ತುಬಂದ ಗೋಡೆ ಕಾಗದ, ಚಾಪೆಯ ತುಂಡು, ಊದಿದ ಹಲಗೆ, ಎಲ್ಲವನ್ನೂ ಚೀಲಗಳಲ್ಲಿ ಕಟ್ಟಿ, "ನೆಲಮಹಡಿ, ಅಜ್ಜಿ ಕೋಣೆ, ಪೂರ್ವದ ಗೋಡೆ" ಎಂದು ಕನ್ನಡದಲ್ಲಿ ಚೀಟಿ ಅಂಟಿಸಿದರು.

"ಕನ್ನಡ ಇಲ್ಲಿ ಯಾರು ಓದ್ತಾರೆ ಭಾವ?"

"ನಾನು ಓದ್ತೀನಲ್ಲ!"

ನನಗೋ ಮೈಯೆಲ್ಲ ಉರಿ. ಹೊಸ ವರ್ಷಕ್ಕೆ ಜಪಾನಿನ ಪ್ರತಿ ಮನೆಯೂ ಕನ್ನಡಿಯಂತೆ ಹೊಳೆಯುವಾಗ, ವಿಮೆಯವರು ಬಂದು ನನ್ನ ಕಟ್ಟಡದಲ್ಲಿ ಕೊಳಕು ಚೀಲಗಳ ಸಾಲು ನೋಡಬೇಕೆ? ಜೊತೆಗೆ ಗೋಡೆಗೆ ಕಿವಿಯಿಟ್ಟ ಈ ಮುದುಕನನ್ನೂ? ಅವರು ಬರುವ ದಿನ ಬೆಳಿಗ್ಗೆ ನನ್ನ ಹೆಂಡತಿಯ ಜೊತೆ ಭಾವನನ್ನು ಮೀನು ನೋಡಲು ಅಕ್ವೇರಿಯಂಗೆ ಸಾಗಹಾಕಿದೆ. ಚೀಲಗಳನ್ನು ಕಸಕ್ಕೆ ಹಾಕಿದೆ. ಅಷ್ಟರಲ್ಲಿ ಚಾಪೆಗಳನ್ನು ಬಿಸಿಲಿಗೆ ಹಾಕಿ ಒಣಗಿಸಿದ್ದೆ, ಭಾವ ಹೊರಟ ಕೂಡಲೇ ಕಲೆಗಳಿಗೂ ಬಣ್ಣ ಬಳಿದೆ. ನಾಲ್ಕು ದಿನ ಸರಿಯಾಗಿ ಕೂತು ಉಂಡಿರಲಿಲ್ಲ.

ವಿಮೆಯವರು ಬಹಳ ಸಜ್ಜನರು. ಚಪ್ಪಲಿ ನೇರ ಮಾಡಿಟ್ಟು ಒಳಗೆ ಬಂದು, ನೋಡಿ, "ಇಷ್ಟು ಚೊಕ್ಕಟವಾಗಿದೆಯಲ್ಲ!" ಎಂದು ಹೊಗಳಿದರು. ನಾನು ಉಬ್ಬಿಹೋದೆ. ಅವರು ಒಂದು ಕಾಗದ ಮುಂದಿಟ್ಟರು. ನಾನು ಹುಬ್ಬು ಗಂಟಿಕ್ಕಿ, ಕಣ್ಣು ಇಳಿಸಿ, ಮುದ್ರೆ ಒತ್ತಿದೆ.

ಸಂಜೆ ಭಾವ ಬಂದರು. ನನ್ನ ಹೆಂಡತಿ ಹೇಳಿದ ಪ್ರಕಾರ ಅವರು ಒಂದು ಮೀನನ್ನೂ ನೋಡಿರಲಿಲ್ಲ. ಗಾಜಿನ ಅಂಚುಗಳನ್ನೇ ಸವರುತ್ತಾ, "ಹನಿ ಸೋರಲ್ಲ, ಏನು ಕೆಲಸ!" ಎನ್ನುತ್ತಿದ್ದರಂತೆ. ಚೀಲಗಳಿದ್ದ ಜಾಗ ಖಾಲಿಯಾಗಿದ್ದನ್ನು ನೋಡಿದರು. ಹೊಸ ಬಣ್ಣವನ್ನೂ ನೋಡಿದರು. ನಾಣ್ಯದಿಂದ ಗೋಡೆಯನ್ನು ಒಂದು ಸಲ ಕುಟ್ಟಿ, ಕೈ ತೊಳೆಯಲು ಹೋದರು. ಬೈದಿದ್ದರೆ ಚೆನ್ನಾಗಿತ್ತು!

ವಾರ ಕಳೆದು ಕಂಪನಿಯ ಉತ್ತರ ಬಂತು. ಎರಡು ಚಾಪೆ, ಒಂದು ಪರದೆಗೆ ಪರಿಹಾರ. ಅಷ್ಟೇ! ಅಷ್ಟರಲ್ಲಿ ಓಯಾ ಸಾನ್ ಕೋಣೆಯಲ್ಲಿ ಬೂಸಲು ವಾಸನೆ ಏಳುತ್ತಿತ್ತು. ಬಡಗಿ ಬಂದು, ಗೋಡೆ ಒಡೆದು ಹೊಸದಾಗಿ ಕಟ್ಟಬೇಕು ಎಂದ. ಅಷ್ಟು ಹಣ ಅವರ ಬಳಿ ಇರಲಿಲ್ಲ. ಕಾವಾಸಾಕಿ ಊರಿನಲ್ಲಿದ್ದ ಅವರ ಮಗ, ಕಟ್ಟಡ ಮಾರಿ ತನ್ನ ಮನೆಗೆ ಬಂದುಬಿಡು ಎಂದ. ಓಯಾ ಸಾನ್ ನನಗೆ ಒಂದು ಡಬ್ಬಿ ಸಿಹಿ ಕೊಟ್ಟು, ನಾಲ್ಕು ದಿನ ಕಷ್ಟಪಟ್ಟಿರಿ ಎಂದು ತಲೆಬಾಗಿ ವಂದಿಸಿದರು. ಆಮೇಲೆ, "ನನಗೆ ಇಲ್ಲೇ ಸಾಯಬೇಕೆಂದಿತ್ತು" ಎಂದರು. ಹವಾಮಾನದ ಮಾತಾಡಿದಷ್ಟೇ ಮೆಲ್ಲಗೆ.

ಸಿಹಿಯ ಡಬ್ಬಿಯನ್ನು ತೆರೆಯದೆ ಬದಿಗಿಟ್ಟೆ. ಮುದ್ರೆ ಒತ್ತಿದ್ದ ಕಾಗದದ ಪ್ರತಿಯನ್ನು ತಂದು ಭಾವನ ಮುಂದೆ ಇಟ್ಟೆ.

"ಏನು ಬರ್ದಿದೆ ಇದರಲ್ಲಿ?"

"ಗೊತ್ತಿಲ್ಲ ಭಾವ. ನನಗೆ ಓದೋಕೆ ಬರಲ್ಲ."

ಭಾವ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ. ಸೆಂಡಾಯ್‌ಗೆ ಫೋನು ಮಾಡಿ ಮಗಳನ್ನು ಕರೆಸಿದರು. ಅವಳು ಓದಿ ಹೇಳಿದಳು: "ಬೇರೆಲ್ಲೂ ಹಾನಿ ಆಗಿಲ್ಲ, ನಾನು ಪರೀಕ್ಷಿಸಿದ್ದೇನೆ ಅಂತ ನೀವು ಒಪ್ಪಿಕೊಂಡಿದ್ದೀರ ಮಾವ."

ಭಾವ ಮೂರು ಕ್ಯಾಮೆರಾದ ಫೋಟೋಗಳನ್ನು ತೊಳೆಸಿ ತಂದಿದ್ದರು. ಅಕ್ಕ ದೇವಸ್ಥಾನ, ಅರಮನೆಗಳ ಫೋಟೋ ತೆಗೆದುಕೊಂಡು ಬನ್ನಿ ಎಂದಿದ್ದಳಂತೆ. ಎಲ್ಲವೂ ಒದ್ದೆ ಗೋಡೆಗಳು! ಮೂರು ದಿನ ತಂದೆ ಹೇಳಿದ್ದನ್ನು ಮಗಳು ಜಪಾನಿಯಲ್ಲಿ ಬರೆದಳು. ಯಾವ ಗೋಡೆ, ಎಷ್ಟು ಎತ್ತರ, ಯಾವ ದಿನ. ಓಯಾ ಸಾನ್ ಹೆಸರಿನಲ್ಲಿ ಮರುಪರಿಶೀಲನೆಗೆ ಅರ್ಜಿ ಹೋಯಿತು.

ಅದೇ ಸಜ್ಜನರು ಮತ್ತೆ ಬಂದರು. ಫೋಟೋ ನೋಡಿ, ಕಡತ ತೆರೆದು, ನಾನು ಒತ್ತಿದ್ದ ಮುದ್ರೆಯ ಮೇಲೆ ಬೆರಳಿಟ್ಟು, ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ ಎಂದು ವಿನಯದಿಂದ ಕೇಳಿದರು. ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಆಗ ಏನೂ ಕಾಣಲಿಲ್ಲ, ಆಮೇಲೆ ಕಾಣಿಸಿಕೊಂಡಿತು ಎಂದುಬಿಡಬಹುದಿತ್ತು. ಪಕ್ಕದಲ್ಲಿ ಓಯಾ ಸಾನ್ ನಿಂತಿದ್ದರು. ಎದುರಿಗೆ ಬಗೆಬಗೆಯ ಡಿಗ್ರಿ ಓದಿದ ಮೇಲಿನ ಮನೆಯ ಹುಡುಗರು.

"ಯೊಮೆಮಾಸೆನ್," ಎಂದೆ. ನನಗೆ ಓದಲು ಬರುವುದಿಲ್ಲ. ಓದಿದವನಂತೆ ನಟಿಸಿ ಮುದ್ರೆ ಒತ್ತಿದೆ. ಬಣ್ಣ ಬಳಿದು ಕಲೆ ಮುಚ್ಚಿದವನೂ ನಾನೇ. ಅಷ್ಟು ಹೇಳಿ ಸೊಂಟ ಬಗ್ಗಿಸಿ ನಿಂತೆ. ಕಣ್ಣಿಗೆ ನೆಲ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿ ಇನ್ನೆರಡು ಪಾದ ಕಂಡವು, ಹರಿದ ಕಾಲುಚೀಲದಲ್ಲಿ. ಆಮೇಲೆ ಒಂದು ಬೋಳು ತಲೆ ಇಳಿಯಿತು, ನನ್ನ ತಲೆಗಿಂತ ಕೆಳಕ್ಕೆ.

ವಿಮೆಯವರು ಚೀಲದಿಂದ ತೇವ ಅಳೆಯುವ ಪುಟ್ಟ ಯಂತ್ರ ತೆಗೆದರು. ಭಾವ ನಾಣ್ಯದಿಂದ ಕುಟ್ಟಿದಲ್ಲೆಲ್ಲ ಅದು ಕೀಂಯ್ ಎಂದಿತು! ಮಾರ್ಚ್ ಹೊತ್ತಿಗೆ ಕಂಪನಿಯ ಖರ್ಚಿನಲ್ಲೇ ಗೋಡೆ ಎದ್ದಿತು. ಓಯಾ ಸಾನ್ ಎಲ್ಲಿಗೂ ಹೋಗಲಿಲ್ಲ. ನನ್ನಿಂದ ಮುದ್ರೆ ವಾಪಸ್ಸು ಕೇಳಲೂ ಇಲ್ಲ. ನನ್ನಂತೆ ಕಟ್ಟಡ ನೋಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ವಿಮೆಯ ಕಾಗದಕ್ಕೆ ಕೈ ಹಾಕುವ ಮುಂಚೆ ನಿಮ್ಮ ಕಡೆಯವನನ್ನು ಒಬ್ಬನನ್ನು ಕರೆಯಿರಿ. ಅವನು ಸ್ವಲ್ಪ ಮರುಳನಾದರೂ ಪರವಾಗಿಲ್ಲ.

ನಾನು ತಪ್ಪೊಪ್ಪಿಕೊಂಡ ಆ ದಿನ, ಎಲ್ಲರೂ ಹೋದ ಮೇಲೆ ಕೇಳಿದೆ. "ತಪ್ಪು ಮಾಡಿದೋನು ನಾನು. ಕಸಕ್ಕೆ ಹೋಗಿದ್ದು ನಿಮ್ಮ ಚೀಲ. ನೀವ್ಯಾಕೆ ಬಗ್ಗಿದ್ರಿ ಭಾವ?"

ಭಾವ ಶೂ ದಾರ ಕಟ್ಟುತ್ತಾ, ತಲೆಯೆತ್ತದೆ ಹೇಳಿದರು.

"ನೀನೊಬ್ಬನೇ ಬಗ್ಗಿರೋದನ್ನ ನಿಂತ್ಕೊಂಡು ನೋಡೋಕಾಗ್ಲಿಲ್ಲ ಕಣೋ."